ಒಂದೇ ಲೈಟಿನ ಫೋಟೋ

ನಮ್ಮ ಸ್ಟುಡಿಯೋದಲ್ಲಿ ನೆರಳಿಗೆ ಪ್ರವೇಶವಿಲ್ಲ. ಅದು ಅಣ್ಣನ ಕಾನೂನು. ಎಡಕ್ಕೊಂದು ಛತ್ರಿ ಲೈಟು, ಬಲಕ್ಕೊಂದು, ಸಾಲದ್ದಕ್ಕೆ ನೆತ್ತಿಯ ಮೇಲೊಂದು. ಕೂತವರ ಮೂಗಿನ ಕೆಳಗೆ ಚೂರು ಕಪ್ಪು ಕಂಡರೂ ಫೋಟೋ ಕೆಟ್ಟಿತೆಂದೇ ಲೆಕ್ಕ. ಅಷ್ಟಾದರೂ ಉಳಿದ ಕಪ್ಪನ್ನು ತೆಗೆಯುವುದಕ್ಕೆ ನಾನಿದ್ದೆ. ಹತ್ತೊಂಬತ್ತು ವರ್ಷ ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂತು ಊರಿನ ಮುಖಗಳನ್ನೆಲ್ಲ ಬೆಳ್ಳಗೆ ಮಾಡಿದ್ದೇನೆ. ಮಚ್ಚೆ, ಸುಕ್ಕು, ಮೊಡವೆ, ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನನ್ನ ಬಣ್ಣ ಮಾತ್ರ ಹಾಗೇ ಉಳಿಯಿತು, ಅದಕ್ಕೆ ಮೌಸ್ ತಾಗುವುದಿಲ್ಲ.

ಅಣ್ಣನ ಮಗಳು ಬಣ್ಣದಲ್ಲಿ ನನ್ನದೇ ಅಚ್ಚು. ಮೇಲಾಗಿ ಈಜು ಕಲಿಸುವ ಕೆಲಸ, ದಿನವಿಡೀ ಬಿಸಿಲು. ಕಣ್ಣಿನ ಸುತ್ತ ಗಾಗಲ್ಸ್ ಕೂರುವ ಜಾಗವಷ್ಟೇ ತುಸು ತಿಳಿ. ಅವಳಿಗೆ ಏಳು ವರ್ಷವಿದ್ದಾಗ ಶಾಲೆಯ ಫೋಟೋವನ್ನು ನಾನೇ ಟಚಪ್ ಮಾಡಿ ಕೊಟ್ಟಿದ್ದೆ. ಅದನ್ನು ಕೈಯಲ್ಲಿ ಹಿಡಿದು, "ಅತ್ತೆ, ಇದು ಯಾರು?" ಎಂದಿದ್ದಳು. ನಾನು ನಕ್ಕುಬಿಟ್ಟಿದ್ದೆ. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಕಳೆದ ತಿಂಗಳು ಅವಳು ಈಜುಕೊಳದ ಮುಖ್ಯ ತರಬೇತುದಾರಳಾದಳು. ಹೆಣ್ಣೊಬ್ಬಳು ಆ ಕುರ್ಚಿಗೆ ಬಂದದ್ದು ಇದೇ ಮೊದಲು. ಗೇಟಿನ ಪಕ್ಕ ಅವಳ ನಾಲ್ಕಡಿ ಎತ್ತರದ ಫೋಟೋ ಹಾಕುತ್ತಾರಂತೆ, ವಾರದೊಳಗೆ ಬೇಕಂತೆ.

"ಪುಟ್ಟಿ, ಎರಡು ಪಾಯಿಂಟ್ ಜಾಸ್ತಿನೇ ಬೆಳ್ಳಗೆ ಮಾಡು," ಎಂದ ಅಣ್ಣ. ನನಗೆ ಐವತ್ತಾಯಿತು, ಅವನಿಗೆ ಇನ್ನೂ ಪುಟ್ಟಿಯೇ. "ಊರೆಲ್ಲ ನೋಡೋ ಫೋಟೋ ಅದು."

"ಊರೆಲ್ಲ ಅವಳನ್ನ ದಿನಾ ನೋಡ್ತಾನೇ ಇದೆಯಲ್ಲ ಅಣ್ಣ."

"ಅದಕ್ಕೇ ಹೇಳಿದ್ದು."

ನನ್ನ ಮೈಯೆಲ್ಲ ಉರಿದುಹೋಯಿತು. ಈ ಸಲ ಅವನ ಮಾತಿಗೆ ಸೊಪ್ಪು ಹಾಕಬಾರದೆಂದು ಅಲ್ಲೇ ನಿರ್ಧರಿಸಿದೆ.

ಅಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಒಂದು ನಿದ್ದೆ ತೆಗೆದೇ ಬರುವುದು. ಆ ಎರಡು ಗಂಟೆ ನನ್ನದು. ಹುಡುಗಿಗೂ ಆ ಹೊತ್ತಿಗೇ ಬರಲು ಹೇಳಿದೆ. ಒಂದೇ ಲೈಟು ಉಳಿಸಿಕೊಂಡು ಮಿಕ್ಕವನ್ನು ಆರಿಸಿದೆ. ಬೆಳಕು ಅತ್ತಿತ್ತ ಚೆಲ್ಲದಂತೆ ಅದಕ್ಕೆ ಕಪ್ಪು ರಟ್ಟು ಸುತ್ತಿದೆ. ಹಿಂದೆ ಕರಿ ಪರದೆ ಕಟ್ಟಿದೆ. ಕತ್ತಲೆಯೊಳಗಿಂದ ಮುಖ ಎದ್ದು ಬರುವಂಥ ಫೋಟೋಗಳನ್ನು ನೋಡಿದ್ದೆನೇ ಹೊರತು ತೆಗೆದವಳಲ್ಲ.

ಮೊದಲ ದಿನ ಹುಡುಗಿಯ ಮುಖ ಪರದೆಯೊಳಗೆ ಕರಗಿಯೇ ಹೋಯಿತು. ಉಳಿದದ್ದು ಕಣ್ಣು ಮತ್ತು ಹಲ್ಲು.

"ಅತ್ತೆ, ಕರೆಂಟ್ ಬಿಲ್ ಕಟ್ಟಿಲ್ವಾ?" ಎಂದು ಬಿದ್ದು ಬಿದ್ದು ನಕ್ಕಳು.

ಎರಡನೆಯ ದಿನ ಲೈಟು ಜೋರು ಮಾಡಿದೆ. ಪರದೆಯ ಸುಕ್ಕೆಲ್ಲ ಕಂಡಿತು, ಮುಖ ಚಪ್ಪಟೆಯಾಯಿತು. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಕಾಣುತ್ತಿಲ್ಲವೆಂದರೆ ಬೆಳಕು ಸುರಿ!

ಮೂರನೆಯ ದಿನ ಅವಳಿಗೆ ತಡವಾಗಿತ್ತು. ಕೊಳದಿಂದ ನೇರ ಓಡಿ ಬಂದಿದ್ದಳು, ತಲೆಯಿಂದ ನೀರು ಇಳಿಯುತ್ತಿತ್ತು.

"ಟವೆಲ್ ಕೊಡು ಅತ್ತೆ."

ಕೊಡಲು ಹೋದವಳು ಹಾಗೇ ನಿಂತೆ. ಅವಳ ಒದ್ದೆ ಕೆನ್ನೆಯ ಮೇಲೆ ಲೈಟು ಒಂದು ಗೆರೆ ಎಳೆದಿತ್ತು. ಹಣೆಯ ಮೇಲೊಂದು, ಕತ್ತಿನ ಮೇಲೊಂದು.

"ಒರೆಸ್ಕೋಬೇಡ. ಕೂತ್ಕೋ."

"ಚಳಿ ಆಗ್ತಿದೆ!"

"ಐದು ನಿಮಿಷ ನಡುಗಿದ್ರೆ ಸಾಯಲ್ಲ."

ಲೈಟನ್ನು ಅವಳ ಬದಿಗೆ, ಕೊಂಚ ಹಿಂದಕ್ಕೆ ಸರಿಸಿ ಇನ್ನೂ ತಗ್ಗಿಸಿದೆ. ಕಪ್ಪು ಚರ್ಮಕ್ಕೆ ಬೇಕಾದದ್ದು ರಾಶಿ ಬೆಳಕಲ್ಲ, ಹೊಳಪು. ಇಷ್ಟು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತಲ್ಲ!

"ನಗ್ಲಾ?" ಎಂದಳು.

"ಬೇಡ. ನೀರಿಗಿಳಿಯೋಕೆ ಹೆದರೋ ಮಗುನ ಹೆಂಗೆ ನೋಡ್ತೀಯ, ಹಂಗೆ ನೋಡು."

ನೋಡಿದಳು. ಬಟನ್ ಒತ್ತಿದೆ.

ಕಂಪ್ಯೂಟರಿನಲ್ಲಿ ತೆರೆದರೆ ಅವಳೇ. ಗಾಗಲ್ಸಿನ ಗುರುತು, ಗಲ್ಲದ ಹಳೆಯ ಗಾಯ, ಎಲ್ಲ ಅದರದರ ಜಾಗದಲ್ಲಿದ್ದವು. ಅವಳು ನನ್ನ ಬೆನ್ನ ಹಿಂದಿನಿಂದ ಬಾಗಿ ಫೋಟೋದಲ್ಲಿನ ಆ ಗಾಯವನ್ನು ಬೆರಳಿನಿಂದ ಮುಟ್ಟಿದಳು.

"ಇದಕ್ಕೆ ಟಚಪ್ ಮಾಡಬೇಡ ಅತ್ತೆ," ಎಂದಳು.

ನನ್ನ ಕಣ್ಣು ತುಂಬಿ ಬಂತು. ಮಾಡಲ್ಲ ಎಂದು ಮಾತು ಕೊಟ್ಟೆ.

ಅಣ್ಣ ಬಂದು ನೋಡಿದವನೇ ಕೂಗಾಡಿದ. "ಏನಿದು? ಸ್ಟುಡಿಯೋ ಮುಖಕ್ಕೆ ಮಸಿ ಬಳೀತಿದೀಯಾ? ಬೆಳ್ಳಗೆ ಮಾಡು ಮೊದಲು!"

"ಮಾಡಲ್ಲ."

ಆ ಮಾತನ್ನು ಅವನಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ, ಇಷ್ಟು ಸುಲಭವಾಗಿತ್ತೇ ಅನ್ನಿಸಿತು.

"ಏಳು, ನಾನೇ ಮಾಡ್ತೀನಿ."

ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವನು ಮೌಸ್ ಎಳೆದ. ಕೆನ್ನೆಯ ಹೊಳಪು ಸತ್ತು ಮುಖಕ್ಕೆ ಬೂದಿ ಮೆತ್ತಿದ ಹಾಗಾಯಿತು. ಇನ್ನಷ್ಟು ಎಳೆದ. ಕರಿ ಪರದೆ ಕೊಳಕು ಕಂದು ಬಣ್ಣಕ್ಕೆ ತಿರುಗಿತು. ಅಣ್ಣ ಕಸುಬು ಬಲ್ಲವನು, ಕೆಟ್ಟದ್ದು ಅವನ ಕಣ್ಣಿಗೂ ಬಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಇದನ್ನೇ ಕಳ್ಸು," ಎಂದ.

"ಅದನ್ನ ಹಾಕಿದ್ರೆ ನಾನು ಆ ಗೇಟೊಳಗೆ ಕಾಲಿಡಲ್ಲ ಅಪ್ಪ," ಎಂದಳು ಹುಡುಗಿ. "ನನ್ನ ಮುಖ ಕಂಡ್ರೆ ನಿನಗೆ ನಾಚಿಕೆನಾ?"

ಅವನು ಅವಳನ್ನು ನೋಡಲಿಲ್ಲ. ಬಾಗಿಲಾಚೆಯ ಕರಿ ಪರದೆಯನ್ನು ನೋಡಿದ, ಲೈಟನ್ನು ನೋಡಿದ, ಕೊನೆಗೆ ನನ್ನ ಮೇಲೆ ಹರಿಹಾಯ್ದ.

"ಏನಾದ್ರೂ ಮಾಡ್ಕೊಳ್ಳಿ! ಅದರ ಮೇಲೆ ನನ್ನ ಸ್ಟುಡಿಯೋ ಹೆಸರು ಮಾತ್ರ ಇರಕೂಡದು."

ಅವನು ಮಾಡಿದ್ದನ್ನು ಅಳಿಸಿ, ನಾನು ತೆಗೆದದ್ದನ್ನು ಹಾಗೇ ಪ್ರಿಂಟಿಗೆ ಹಾಕಿದೆ. ದೊಡ್ಡ ಯಂತ್ರ ಗೊರಗೊರ ಎನ್ನುತ್ತ ಮೊದಲು ಬರೀ ಕಪ್ಪನ್ನು ಹೊರಗೆ ಬಿಟ್ಟಿತು. ಆಮೇಲೆ ಹಣೆ, ಆಮೇಲೆ ಆ ಕಣ್ಣು. ಒಣಗಲೆಂದು ಇಬ್ಬರೂ ಹಿಡಿದು ಮೇಜಿನ ಮೇಲೆ ಹಾಸಿದೆವು. ನಾನು ಡ್ರಾಯರಿನಿಂದ ಬಿಳಿ ಶಾಯಿಯ ದಪ್ಪ ಪೆನ್ನು ತೆಗೆದೆ.

"ಏನ್ ಮಾಡ್ತಿದೀಯ?" ಎಂದ ಅಣ್ಣ ಬಾಗಿಲಿನಿಂದ.

"ನಿನ್ನ ಹೆಸರು ಬೇಡ ಅಂದೆಯಲ್ಲ, ನನ್ನದು ಬರೀತಿದೀನಿ."

ಅಷ್ಟು ವರ್ಷದಲ್ಲಿ ಒಂದು ಫೋಟೋದ ಮೇಲೂ ನನ್ನ ಹೆಸರು ಬಿದ್ದಿರಲಿಲ್ಲ. ಇದರಲ್ಲಿ ಕಪ್ಪು ಜಾಗ ಬೇಕಾದಷ್ಟಿತ್ತು. ರಸ್ತೆಯ ಆಚೆ ಬದಿಯಿಂದಲೂ ಓದುವಷ್ಟು ದೊಡ್ಡದಾಗಿ ಬರೆದೆ.