ಓರೆ ಪೈಪಿನ ಕಟ್ಟೆ

ಮರಾಠಿ ಸೀಮೆಯ ವಿಮಾನ ನಗರದ ಆ ಆಫೀಸು ಕಟ್ಟಡದ ಮುಂದೆ ಒಂದು ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಕಟ್ಟಡದವರು ಅದಕ್ಕೆ ಪ್ಲಾಜಾ ಎಂದು ಹೆಸರಿಟ್ಟು, 'ಎಲ್ಲರಿಗಾಗಿ ತೆರೆದ ಜಾಗ' ಎಂದು ಹಿತ್ತಾಳೆಯ ಫಲಕ ಬೇರೆ ಹಾಕಿದ್ದರು. ಎಲ್ಲರೂ ನಿಜವಾಗಿ ಬಂದುಬಿಟ್ಟಾರು ಎಂದು ಪಾಪ, ಅವರಿಗೆ ಹೊಳೆದಿರಲಿಲ್ಲ.

ಬಂದವರು ಕೂಲಿ ಹೆಂಗಸರು. ಬೆಳಗಾದರೆ ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂರುವರು. ಆಳು ಕರೆಯಲು ಬರುವ ಮುಕಾದಮ ಮೋಟಾರ್‌ಸೈಕಲ್ಲಿನಿಂದ ಇಳಿಯದೆಯೇ 'ನೀನು, ನೀನು, ಆಚೆಯವಳು' ಎಂದು ಬೆರಳು ಮಾಡಿ ಆರಿಸುವನು. ಅವರಲ್ಲಿ ಇಂಡಿ ಕಡೆಯ ಪಾರವ್ವನೂ ಒಬ್ಬಳು. ಮೊಣಕಾಲು ಹೋಗಿ ಕುಂಟುತ್ತಿದ್ದಳು. ಆದರೆ ಕೂತವಳ ಕುಂಟು ಯಾರಿಗೆ ಕಾಣಬೇಕು? ಬೆನ್ನು ನೆಟ್ಟಗೆ ಮಾಡಿ ಕಟ್ಟೆಗೆ ಕೂತರೆ ಹರೆಯದ ಹುಡುಗಿಯೂ ಒಂದೇ, ಪಾರವ್ವನೂ ಒಂದೇ. ಆರಿಸಿದವರನ್ನು ಸೈಟಿಗೆ ಒಯ್ಯುವ ಟೆಂಪೋ ಹತ್ತಿದಳೆಂದರೆ ಆ ದಿನದ ಅನ್ನ ಗಟ್ಟಿ. ಉಸುಕು ಸಾಣಿಸುವುದು, ಟೈಲ್ಸು ಉಜ್ಜುವುದು, ಕೂತು ಮಾಡುವ ಕೆಲಸಕ್ಕೆ ಸೈಟಿನಲ್ಲಿ ಬರವೇ?

ಅವಳ ತಂಗಿಯ ಮಗ ಸುದೀಪ. ತಾಯಿ ಸತ್ತಮೇಲೆ ಈ ದೊಡ್ಡವ್ವನೇ ಸಾಕಿದ್ದಳು. ಶಾಲೆಯನ್ನು ಎಂಟನೇ ತರಗತಿಗೇ ಬಿಟ್ಟವನು, ಈಗ ಭೋಸರಿಯ ಒಂದು ಶೆಡ್ಡಿನಲ್ಲಿ ವೆಲ್ಡರ್, ಮಲಗುವುದೂ ಅಲ್ಲೇ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಪ್ಲಾಜಾದ ಗೇಟಿನ ಅಳತೆಗೆಂದು ಹೋದ ದಿನ ಆ ಸಿಟ್ಟು ಜೊತೆಗಿದ್ದಿದ್ದರೆ ಬಾಯಿಯಾದರೂ ಮುಚ್ಚಿರುತ್ತಿತ್ತು. ಅಲ್ಲೊಬ್ಬ ಹುಡುಗಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಹೆಸರು ಹರ್ಷಿತಾ. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ದಾರಿ ಬಿಟ್ಟು ಯಾವುದನ್ನು ತುಳಿಯುತ್ತಾರೆ ಎಂದು ನೋಡಿ ಕಟ್ಟಡದವರಿಗೆ ವರದಿ ಕೊಡುವುದೇ ಅವಳ ಕೆಲಸ. ಅವಳು ಫೋನಿನಲ್ಲಿ "ಊಟ ಆಯ್ತಮ್ಮಾ" ಎಂದದ್ದೇ ತಡ, ಸುದೀಪನ ಕೈಯ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು.

"ಮೇಡಂ, ಕನ್ನಡದವರೇನ್ರೀ ನೀವು?"

"ಅಯ್ಯೋ, ಹೌದು! ಮೈಸೂರು. ನೀವೂನಾ?"

ದಿನವಿಡೀ 'ಏ, ಇಕಡೇ ಯೇ', ಏ ಇಲ್ಲಿ ಬಾ ಎಂದು ಮರಾಠಿಯಲ್ಲಿ ಕರೆಸಿಕೊಂಡ ಕಿವಿಗೆ 'ನೀವು' ಬಿದ್ದರೆ ಏನಾಗಬೇಡ? ಪರಊರಿನಲ್ಲಿ ನಮ್ಮ ಮಾತಾಡಿದವರೆಲ್ಲ ನಮ್ಮವರೇ ಎಂದು ನಂಬುವ ಹುಚ್ಚು ನಮ್ಮ ಜನಕ್ಕೆ ತಾಯಿಹಾಲಿನ ಜೊತೆಗೇ ಬಂದದ್ದು. ಅವಳು ಚಹಾ ತರಿಸಿದಳು.

"ಆ ಲೇಡೀಸ್ ಯಾಕೆ ಬಿಸಿಲಲ್ಲೇ ಕೂತ್ಕೋತಾರೆ? ಈ ಕಡೆ ನೆರಳಿದೆ ಅಲ್ವಾ?"

"ನೆಳ್ಳ ತಗೊಂಡ ಏನ ಮಾಡ್ತಾರ್ರೀ? ಮುಕಾದಮನ ಗಾಡಿ ನಿಲ್ಲೂದು ಆ ಕಡೆ. ಕುಂತ್ರ ಎಲ್ಲಾರೂ ಕಾಣ್ತಾರ. ನಮ್ಮ ದೊಡ್ಡವ್ವನ ಮಣಕಾಲ ಹೋಗ್ಯದ, ನಿಂತ್ಲಂದ್ರ ಯಾವನೂ ಕರಿಯೂದಿಲ್ಲ. ಎಲ್ಲಾ ಈ ಕಟ್ಟಿ ಮ್ಯಾಲ ನಡದದರಿ. ಕಟ್ಟಿ ಇಲ್ಲಂದ್ರ ಯಾರೂ ಬರೂದಿಲ್ಲ."

"ಸೂಪರ್!" ಎಂದು ಅವಳು ಟಕಟಕ ಟೈಪ್ ಮಾಡಿಕೊಂಡಳು. ಸುದೀಪ ಬೀಗಿದ. ಬಸ್ಸಿನಲ್ಲಿ ಭೋಸರಿ ಮುಟ್ಟುವವರೆಗೂ ಬೀಗುತ್ತಲೇ ಇದ್ದ, ಮೂರ್ಖ.

ಮುಂದಿನ ತಿಂಗಳು ಶೆಡ್ಡಿಗೆ ಸ್ಟೀಲ್ ಪೈಪು ಬಂದವು. ಓರೆಯಾಗಿ ಬೆಸೆಯಬೇಕೆಂದ ಮಾಲೀಕ. ಯಾವ ಸಾಹುಕಾರನ ಬಾಲ್ಕನಿಗೋ ಎಂದುಕೊಂಡು ಸುದೀಪ ಬೆಸೆದ. ಪೈಪು ಹೊತ್ತ ಟೆಂಪೋ ಬೇವಿನ ಮರದಡಿ ನಿಂತಾಗಲೇ ಗೊತ್ತಾದದ್ದು. ಕಟ್ಟೆಯ ಮೇಲೆ ಸುತ್ತಲೂ ಓರೆ ಪೈಪು. ಒರಗಿ ನಿಂತು ಕಾಫಿ ಕುಡಿಯಬಹುದು, ಕೂರಲಾಗದು. ಹಿತ್ತಾಳೆಯ ಫಲಕ ಮಾತ್ರ ಹಾಗೇ ಹೊಳೆಯುತ್ತಿತ್ತು.

ಸ್ಪ್ಯಾನರ್ ಎಸೆದು ಹೋಗಿಬಿಡೋಣವೆನಿಸಿತು. ಹೋದರೆ ಮಾಲೀಕ ಇನ್ನೊಬ್ಬನನ್ನು ಕರೆಸುತ್ತಾನೆ. ಕೆಲಸ ಹೋಗುತ್ತದೆ, ಪೈಪು ಉಳಿಯುತ್ತವೆ. ಹಲ್ಲು ಕಚ್ಚಿ ಬೋಲ್ಟು ಬಿಗಿದ. ಆಚೆ ನಿಂತು ನೋಡುತ್ತಿದ್ದ ಪಾರವ್ವನೇ ನೀರು ತಂದುಕೊಟ್ಟಳು.

"ಯಾಕ ಮಾರಿ ಸಣ್ಣದು ಮಾಡ್ಕೊಂಡೀ? ಹೇಳವ್ರು ಹೇಳ್ಯಾರ, ನೀ ಹೊಟ್ಟಿಪಾಡಿಗೆ ಮಾಡೀದಿ. ನಿಂದೇನ ತಪ್ಪದ?"

ದೊಡ್ಡವ್ವನಿಗೆ ಅವನ ಕೈ ಮಾಡಿದ್ದು ಗೊತ್ತಿತ್ತು, ನಾಲಿಗೆ ಮಾಡಿದ್ದು ಗೊತ್ತಿರಲಿಲ್ಲ.

ಹೆಂಗಸರು ಕೆಲವು ದಿನ ನಿಂತೇ ನೋಡಿದರು. ಪಾರವ್ವ ಕಾಲು ಬದಲಿಸುವುದು ಮುಕಾದಮನ ಕಣ್ಣಿಗೆ ಬಿತ್ತು. ಅವನ ಬೆರಳು ಅವಳನ್ನು ದಾಟಿ ಪಕ್ಕದವಳಿಗೆ ಹೋಯಿತು. ಮರುದಿನವೂ ದಾಟಿತು. ಕೊನೆಗೆ ಹೆಂಗಸರೇ ಉಪಾಯ ಕಂಡುಕೊಂಡರು. ಬಸ್ ಸ್ಟಾಪಿನ ಹಿಂದೆ, ಗಟಾರದ ಕೆಲಸಕ್ಕೆ ತಂದು ಯಾರೋ ಮರೆತ ಸಿಮೆಂಟಿನ ಕೊಳವೆಗಳಿದ್ದವು. ಅವುಗಳ ಮೇಲೆ ಚೀಲ ಹಾಸಿ ಕೂತರು, ಮುಕಾದಮನಿಗೂ ಹೇಳಿಕಳಿಸಿದರು. ಬೆರಳು ಮತ್ತೆ ಪಾರವ್ವನತ್ತ ತಿರುಗಿತು.

ಸಡಿಲಾದ ಪೈಪೊಂದನ್ನು ಬಿಗಿಯಲು ಸುದೀಪ ಮತ್ತೆ ಪ್ಲಾಜಾಕ್ಕೆ ಬಂದ ಬೆಳಿಗ್ಗೆ, ಪಾರವ್ವ ಅವನಿಗೆಂದು ರೊಟ್ಟಿ ತಂದಿದ್ದಳು. ಕೊಟ್ಟು ಕೊಳವೆಗಳ ಕಡೆ ಹೊರಡುವವಳಿದ್ದಳು. ಅಷ್ಟರಲ್ಲಿ ಹರ್ಷಿತಾ ಬಂದಳು.

"ಸುದೀಪ್! ಇವ್ರೇನಾ ನಿಮ್ಮ ದೊಡ್ಡಮ್ಮ?"

"ಅಯ್ ನನ್ನವ್ವಾ!" ಪಾರವ್ವನ ಮುಖ ಊರಗಲವಾಯಿತು. "ಕನ್ನಡದಾಕಿ ಏನ ನೀ? ಎಷ್ಟ ಛಂದ ಮಾತಾಡ್ತಿ! ತಡಿ, ರೊಟ್ಟಿ ತಿಂತಿ?"

"ಅಮ್ಮಾ, ಈ ಪೈಪ್ ಹಾಕಿದ್ಮೇಲೆ ನೀವೆಲ್ಲ ಎಲ್ಲಿ ಕೂತ್ಕೋತಿದೀರಾ? ನಾನು ನೋಡ್ಬೇಕಿತ್ತು."

"ತೋರಸ್ತೀನಿ ಬಾ ಯವ್ವಾ, ಇಲ್ಲೇ ಅದ…"

"ಮಾವಶೀ, ಸಾಂಗೂ ನಕೋ!" ಹೇಳಬೇಡ ದೊಡ್ಡವ್ವಾ ಎಂದು ಸುದೀಪ ಮರಾಠಿಯಲ್ಲಿ ಸಿಡಿದ.

ಪಾರವ್ವ ನಕ್ಕಳು. "ಹುಚ್ಚಪ್ಪ! ಮನಿ ಮಾತ ಬಿಟ್ಟ ಮರಾಠಿ ಯಾಕ ಹಚ್ಚೀದಿ? ನಮ್ಮಾಕಿ ಅದಾಳ, ಈಕಿಗೇನ ಮುಚ್ಚೂದು?" ಎಂದು ಬಟ್ಟೆಯ ಗಂಟು ಬಿಚ್ಚತೊಡಗಿದಳು.

ತಾನು ಬಿದ್ದ ಬೆಲ್ಲದ ಬಲೆಗೇ ದೊಡ್ಡವ್ವ ನಗುನಗುತ್ತ ಕಾಲಿಡುತ್ತಿದ್ದಳು. ತಡೆಯಲು ಒಂದೇ ದಾರಿ ಉಳಿದಿತ್ತು.

"ದೊಡ್ಡವ್ವಾ, ಕಟ್ಟಿ ಸುದ್ದಿ ಈಕಿಗೆ ನಾನ ಹೇಳಿದ್ದೆ. ನಿನ್ನ ಮಣಕಾಲು, ಮುಕಾದಮಂದು, ಎಲ್ಲಾ. ಅದಕ್ಕ ಈ ಪೈಪ ಬಂದಾವ."

ಬಿಚ್ಚುತ್ತಿದ್ದ ಕೈ ನಿಂತಿತು.

"ನಾನು ನೋಡಿದ್ದು, ಕೇಳಿದ್ದು ರಿಪೋರ್ಟ್ ಮಾಡ್ದೆ ಅಷ್ಟೇ," ಎಂದಳು ಹರ್ಷಿತಾ, ಮುಖ ಕೆಂಪಾಗಿ. "ಬೆಂಚ್ ಹಾಕಿ ಅಂತಾನೇ ಹೇಳಿದ್ದೆ, ಪೈಪ್ ಕ್ಲೈಂಟ್ ಡಿಸಿಷನ್. ಈಗಲೂ ಜಾಗ ತೋರಿಸಿದ್ರೆ ಅಲ್ಲಿ ಬೆಂಚ್ ಹಾಕ್ಸೋಕೆ ಟ್ರೈ ಮಾಡ್ತೀನಿ, ನಿಜ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುದೀಪನ ಸಿಟ್ಟಿಗೆ ಎಣ್ಣೆ ಹೊಯ್ದದ್ದು ಅದೇ. ಸುಳ್ಳಿಯಾಗಿದ್ದರೆ ಬೈದು ಮುಗಿಸಬಹುದಿತ್ತು.

ಪಾರವ್ವ ರೊಟ್ಟಿಯ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಗಾರ್ಡಿನೊಂದಿಗೆ, ರೇಷನ್ ಅಂಗಡಿಯವನೊಂದಿಗೆ ಆಡಲೆಂದೇ ಕಲಿತ ಮುರುಕು ಮರಾಠಿಯಲ್ಲಿ ಹರ್ಷಿತಾಗೆ ಹೇಳಿದಳು: "ಆಮೀ ಕುಠಂ ಬಸತ್ ನಾಯ್, ಬಾಯ್." ನಾವು ಎಲ್ಲೂ ಕೂರುವುದಿಲ್ಲ ತಾಯಿ.

ಹೇಳಿ ಹೊರಟಳು. ಬಸ್ ಸ್ಟಾಪಿನ ಕಡೆಗಲ್ಲ, ಅದಕ್ಕೆ ಬೆನ್ನು ಮಾಡಿ, ನೋಡುತ್ತಿದ್ದ ಹರ್ಷಿತಾಳ ಕಣ್ಣುಗಳನ್ನು ಕೊಳವೆಗಳಿಂದ ದೂರ ಎಳೆಯುತ್ತ, ಕುಂಟನ್ನು ಮುಚ್ಚದೆ. ಬಸ್ ಸ್ಟಾಪಿನ ಹಿಂದೆ ಮುಕಾದಮನ ಹಾರ್ನು ಕೇಳಿಸಿತು. ಅವಳ ಆ ದಿನದ ಕೂಲಿ ತಪ್ಪಿತು.

"ದೊಡ್ಡವ್ವಾ, ನಿಲ್ಲಽ!" ಸುದೀಪ ಹಿಂದೆಯೇ ಓಡಿದ.

ಅವಳು ತಿರುಗಿ ನೋಡಲಿಲ್ಲ.

"ತುಝ ಕಾಮ ಕರ," ಎಂದಳು. ನಿನ್ನ ಕೆಲಸ ನೋಡು ಎಂದು ಗಾರ್ಡಿಗೆ ಹೇಳುವ ಹಾಗೆ, ಅವನಿಗೂ ಮರಾಠಿಯಲ್ಲೇ.