ಭಾವನವರ ಎರಡನೇ ನಡೆ

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಕನ್ನಡಕದ ಅಂಗಡಿ ಇಟ್ಟವರು. ದಿನವಿಡೀ ಜನರ ಮೂಗಿನ ಮೇಲೆ ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವ ಕೆಲಸ. ಮನೆಗೆ ಬಂದರೂ ಆ ಕೈ ಸುಮ್ಮನಿರುವುದಿಲ್ಲ. ಗೋಡೆಯ ಪಟ, ಬಾಗಿಲ ಬಳಿಯ ಚಪ್ಪಲಿ, ನನ್ನ ತಟ್ಟೆ ಪಕ್ಕದ ಲೋಟ, ಎಲ್ಲವೂ ಅವರ ಬೆರಳಿಗೆ ಹೆದರಿ ನೆಟ್ಟಗೆ ನಿಲ್ಲಬೇಕು.

ನಾವೆಲ್ಲ ಆಡುವ ಚದುರಂಗದ ಕ್ಲಬ್ಬಿಗೆ ಅವರೇ ಗುರು, ಅವರೇ ತಂಡದ ನಾಯಕ, ಅವರು ಹೇಳಿದ್ದೇ ಕಾನೂನು. ಹೋದ ವರ್ಷ ನನ್ನ ಮಗಳ ಬೆರಳು ರಾಣಿಗೆ ತಾಗಿತೆಂದು, ಮುಟ್ಟಿದ ಕಾಯಿ ನಡೆಸಲೇಬೇಕೆಂದು ಹಟ ಹಿಡಿದು, ಮರುಕ್ಷಣವೇ ಆ ರಾಣಿಯನ್ನು ನುಂಗಿದರು. ಮಗು ಅತ್ತರೆ, "ಅಳೋರು ಆಟಕ್ಕೆ ಬರ್ಬಾರ್ದು" ಅಂದ ಮಹಾನುಭಾವರು. ಅಂದಿನಿಂದ ಅವಳು ಮಣೆ ಮುಟ್ಟಿರಲಿಲ್ಲ.

ಈ ವರ್ಷ ಕ್ಲಬ್ಬಿನ ಪಂದ್ಯಾವಳಿಯ ಫೈನಲ್ಲಿನಲ್ಲಿ ಅವರೆದುರು ಕೂತವಳು ನಾನೇ. ಗೆದ್ದವರು ತಂಡದ ನಾಯಕರು. ತೀರ್ಪುಗಾರ ಭಾವನವರ ಅಳಿಯ.

ಭಾವ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರು. ನಾನೂ ಹಾಗೇ ಮಾಡಿದೆ. ಮತ್ತೆ ಅವರ ಸರದಿ. ಅವರ ರಾಜ ಎಳ್ಳಷ್ಟು ಓರೆಯಾಗಿ ನಿಂತಿದ್ದ. ಪಾಪ, ಆ ಕೈ ಸುಮ್ಮನಿದ್ದೀತೇ? ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಿಯೇಬಿಟ್ಟರು. ಸರಿಪಡಿಸುವ ಮುಂಚೆ ಹಾಗೆಂದು ಬಾಯಿಬಿಟ್ಟು ಹೇಳಬೇಕು, ಹೇಳಲಿಲ್ಲ.

"ಭಾವ, ರಾಜನ್ನ ಮುಟ್ಟಿದ್ರಿ," ಅಂದೆ.

ರಾಜನಿಗೆ ಹೋಗಲು ಇದ್ದದ್ದು ಎದುರಿನ ಒಂದೇ ಮನೆ. ಆಟದ ಶುರುವಿನಲ್ಲೇ ಅವನನ್ನು ಹೊರಗೆ ತರುವುದೆಂದರೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ.

ಅಳಿಯ ಬೆವೆತುಹೋದ. "ಮಾವ, ಸರಿ ಮಾಡ್ತೀನಿ ಅಂತ ನೀವು ಮೆಲ್ಲಗೆ ಅಂದಿರೇನೋ, ನಂಗೇ ಕೇಳಿಸ್ಲಿಲ್ವೇನೋ?"

"ತಪ್ಪಾಯ್ತು" ಅಂದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಅವರು ಹಾಗೆ ಅನ್ನುವ ಆಸಾಮಿಯೇ?

"ನಡೆಸೋಕೇ ಮುಟ್ಟಿದ್ದು! ಇದು ನನ್ನ ಹೊಸ ಓಪನಿಂಗ್. ನಿಮಗೆಲ್ಲಿ ಅರ್ಥ ಆಗ್ಬೇಕು?" ಎನ್ನುತ್ತ ರಾಜನನ್ನು ಮುಂದಿಟ್ಟರು.

ಹೊಸ ಓಪನಿಂಗಂತೆ! ಊಟದ ಹೊತ್ತಿಗೆಲ್ಲ ಅವರ ರಾಜ ನನ್ನ ಕುದುರೆಗಳ ನಡುವೆ ದಿಕ್ಕೆಟ್ಟು ಸಿಕ್ಕಿಬಿದ್ದಿದ್ದ. ನಾಯಕತ್ವ ಹೋಯಿತು, ಜಂಬ ಹೋಗಲಿಲ್ಲ. ಮರುದಿನ ಮಕ್ಕಳ ತರಗತಿಯಲ್ಲಿ ಅದೇ ನಡೆಯನ್ನು ಬೋರ್ಡಿನ ಮೇಲೆ ಬರೆದು ಪಾಠಕ್ಕೆ ನಿಂತರು.

ಹಿಂದಿನ ರಾತ್ರಿ ನನ್ನಿಂದ ಕಥೆ ಕೇಳಿ ಬಿದ್ದು ಬಿದ್ದು ನಕ್ಕಿದ್ದ ಮಗಳು ತಾನಾಗಿಯೇ ನನ್ನ ಜೊತೆ ಬಂದಿದ್ದಳು. ನೇರ ಹೋಗಿ ಮಣೆ ಎಳೆದುಕೊಂಡು ಕಾಯಿ ಜೋಡಿಸಿದಳು.

"ದೊಡ್ಡಪ್ಪ, ನೀವು ಬಿಳಿ. ನಿಮ್ಮ ಹೊಸ ಓಪನಿಂಗೇ ಆಡ್ಬೇಕು, ಆಯ್ತಾ?"

ಮಕ್ಕಳೆಲ್ಲ ಸುತ್ತ ನೆರೆದರು. ಭಾವ ನನ್ನ ಮುಖ ನೋಡಿದರು. ಎರಡನೇ ನಡೆಗೆ ಹಲ್ಲು ಕಚ್ಚಿಕೊಂಡು ರಾಜನನ್ನು ಮುಂದಿಟ್ಟರು.

ಮಗಳು ತನ್ನ ರಾಣಿಯನ್ನು ಗಟ್ಟಿಯಾಗಿ ಹಿಡಿದು ಎತ್ತಿದಳು.