ಕನ್ನಡಿ ನೋಡಿ ಗಿಟಾರ್ ಕಲಿತವರು

ಕತ್ತರಿ, ಬಾಚಣಿಗೆ, ಚಹಾದ ಲೋಟ, ಮನೆಯ ಬೀಗದಕೈ, ಎಲ್ಲವನ್ನೂ ಬಲಗೈಯಲ್ಲೇ ಹಿಡಿಯುವ ಕತ್ತರಿ ಮೇಷ್ಟ್ರು ಗಿಟಾರನ್ನು ಎತ್ತಿಕೊಂಡ ಕೂಡಲೇ ಎಡಚರಾಗಿಬಿಡುತ್ತಾರೆ. ಇದು ಅವರ ಹುಟ್ಟುಗುಣವಲ್ಲ, ಅಪ್ಪಟ ಸ್ವಯಾರ್ಜಿತ.

ಮೇಷ್ಟ್ರೆಂದರೆ ಶಾಲೆಯವರಲ್ಲ, ಎರಡು ಕುರ್ಚಿಗಳ ಸಲೂನಿನ ಮಾಲೀಕರು. ಗಿರಾಕಿಯ ತಲೆ ಕೈಗೆ ಸಿಕ್ಕಿದಾಗಲೆಲ್ಲ ಲೋಕಜ್ಞಾನವನ್ನು ಧಾರಾಳವಾಗಿ ಬೋಧಿಸುವುದಕ್ಕೆ ಬೀದಿ ಕೊಟ್ಟ ಬಿರುದು ಅದು. ಮೂವತ್ತು ವರ್ಷ ಕುರ್ಚಿಯ ಸುತ್ತ ಅಡ್ಡಡ್ಡ ಹೆಜ್ಜೆಯಿಟ್ಟ ಕಾಲುಗಳು ರಸ್ತೆಯಲ್ಲೂ ನೇರ ನಡೆಯುವುದನ್ನು ಮರೆತಿವೆ. ಎದುರಾದವರನ್ನು ಅರ್ಧಸುತ್ತು ಹಾಕಿಯೇ ಮಾತನಾಡಿಸುತ್ತಾರೆ, ಆಗ ಅವರ ದೃಷ್ಟಿ ಆ ಮನುಷ್ಯನ ಕಿವಿಯ ಹಿಂದಿನ ಕೂದಲಿನ ಮೇಲೆ. ಬಿಳಿಯ ಅರೆತೋಳಿನ ಕೋಟಿನ ಜೇಬಿನಲ್ಲಿ ಬಾಚಣಿಗೆಯ ಜೊತೆ ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಯೂ ಇರುತ್ತದೆ. "ಸ್ವಲ್ಪ ತಲೆ ಬಗ್ಗಿಸಿ" ಎನ್ನುವುದು ನಾಲಿಗೆಗೆ ಎಷ್ಟು ರೂಢಿಯೆಂದರೆ, ಫೋನಿನಲ್ಲಿ ಭಾವಮೈದುನನ ಕಷ್ಟಸುಖ ಕೇಳುವಾಗಲೂ ನಡುವೆ ಒಮ್ಮೆ ಬಂದುಬಿಡುತ್ತದೆ.

ಗಿಟಾರ್ ಅವರಿಗೆ ಒಲಿದದ್ದು ಕನ್ನಡಿಯಲ್ಲಿ. ಸಲೂನಿನ ಎದುರಿನ ಮಹಡಿಯಲ್ಲಿ ಒಂದು ಗಿಟಾರ್ ಕ್ಲಾಸು. ಅದರ ದೊಡ್ಡ ಕಿಟಕಿ, ಕಿಟಕಿಯಲ್ಲಿ ಕೂತ ಸರ್, ಸರ್ ಅವರ ಬೆರಳುಗಳು, ಎಲ್ಲವೂ ಮೇಷ್ಟ್ರ ಗೋಡೆಗನ್ನಡಿಯಲ್ಲಿ ದಿನವಿಡೀ ಕಾಣುತ್ತಿದ್ದವು. ಕ್ಲಾಸಿಗೆ ಸೇರಿ ಎಂದವರಿಗೆ, "ನೋಡೋ ಕಣ್ಣಿದ್ರೆ ಸಾಕು, ಹೇಳ್ಕೊಡೋಕೆ ಯಾರು ಬೇಕು?" ಎನ್ನುತ್ತಿದ್ದರು. ಕನ್ನಡಿಯಲ್ಲಿ ಗಿಟಾರಿನ ಕತ್ತು ಎಡಕ್ಕೆ ಚಾಚಿತ್ತು, ಬಲಗೈಯವರು ಹಿಡಿಯಬೇಕಾದದ್ದೂ ಹಾಗೆಯೇ. ಬೇರೆ ಯಾರೇ ಆಗಿದ್ದರೂ ಕಂಡಂತೆಯೇ ಹಿಡಿದು ಸರಿಯಾಗಿ ಕಲಿತುಬಿಡುತ್ತಿದ್ದರು. ಆದರೆ ಕನ್ನಡಿಯ ಮುಂದೆ ಆಯುಷ್ಯ ಸವೆಸಿದ ಮೇಷ್ಟ್ರು, ಅದು ಎಡಬಲ ಮಾಡುತ್ತದೆಂದು ತಮಗೆ ಗೊತ್ತಿಲ್ಲವೇ ಎಂಬ ಹೆಮ್ಮೆಯಲ್ಲಿ, ಗಿಟಾರಿನ ಕತ್ತನ್ನು ಬಲಕ್ಕೆ ತಿರುಗಿಸಿಕೊಂಡರು; ಅದಕ್ಕೆ ತಕ್ಕಂತೆ ಆರೂ ತಂತಿಗಳನ್ನು ಬಿಚ್ಚಿ ತಿರುವುಮುರುವಾಗಿ ಕಟ್ಟಿದರು. ಬೇರೆಯವರು ಇನ್ನೊಂದು ಕಡೆ ಹಿಡಿದದ್ದು ಕಂಡಾಗ, ಪಾಪ ಎಡಚರು ಎಂದು ಕನಿಕರಿಸಿದರು. ಹೀಗೆ ಹನ್ನೊಂದು ವರ್ಷ ನುಡಿಸಿದರು, ಚೆನ್ನಾಗಿಯೇ ನುಡಿಸಿದರು.

ಮಗಳನ್ನು ಮಾತ್ರ ಅದೇ ಕ್ಲಾಸಿಗೆ ಸೇರಿಸಿದರು. ತಮ್ಮಂಥ ಕಣ್ಣು ಎಲ್ಲರಿಗೂ ಇರುವುದಿಲ್ಲವೆಂಬುದು ಅವರು ಕೊಟ್ಟ ಕಾರಣ. ಆ ಪರಿಚಯದಿಂದ ಒಂದು ದಿನ ಕ್ಷೌರಕ್ಕೆ ಬಂದ ಸರ್, ಮೂಲೆಯ ಗಿಟಾರ್ ನೋಡಿ, ನುಡಿಸಿ ತೋರಿಸಿ ಎಂದು ಕೇಳಿ, ಕೊನೆಗೆ ಮೆಲ್ಲಗೆ ಹೇಳಿದರು: "ಕೈ ಅದಲುಬದಲಾಗಿದೆ ಮೇಷ್ಟ್ರೇ. ಮೊದಲಿಂದ ಕಲೀಬೇಕಾಗತ್ತೆ."

ಮೇಷ್ಟ್ರ ಹನ್ನೊಂದು ವರ್ಷ ನೀರುಪಾಲು. ಆದರೂ ಹಲ್ಲುಕಚ್ಚಿ ಕ್ಲಾಸಿಗೆ ಸೇರಿ, ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು, ಕ್ಲಾಸಿನ ಗಿಟಾರನ್ನು ಸರಿಯಾದ ಕಡೆ ಹಿಡಿದರು. ತಿಂಗಳಾದರೂ ಬೆರಳು ಜಪ್ಪಯ್ಯ ಅನ್ನಲಿಲ್ಲ. ಇತ್ತ ಮನೆಯ ಗಿಟಾರನ್ನು ಮುಟ್ಟಲು ನಾಚಿಕೆ. ಎಲ್ಲ ಬಿಟ್ಟು ಅದನ್ನು ಅಟ್ಟಕ್ಕೆ ಹಾಕುತ್ತೇನೆಂದು ಮನೆಯಲ್ಲಿ ಹೇಳಿಯೂ ಆಯಿತು.

ಅಂಗಡಿಯ ರಜೆಯ ದಿನ ಮಧ್ಯಾಹ್ನ ಮಗಳು ಬೆರಳುಗಳನ್ನು ಒಂದು ಹಿಡಿತದಿಂದ ಇನ್ನೊಂದಕ್ಕೆ ಜಾರಿಸಲಾಗದೆ ಅಳುತ್ತ ಕೂತಿದ್ದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಮ್ಮ ಗಿಟಾರನ್ನು ಹಳೆಯ ರೀತಿಯಲ್ಲೇ ಹಿಡಿದು ಅವಳೆದುರು ಕೂತು ನಿಧಾನವಾಗಿ ನುಡಿಸಿದರು. ಅವಳು ಕಣ್ಣೊರೆಸಿಕೊಂಡು, ಅವರ ಬೆರಳು ಹೋದ ಕಡೆಗೆ ತನ್ನ ಬೆರಳನ್ನೂ ಕಳಿಸಿದಳು. ನಾಲ್ಕನೆಯ ಸಲಕ್ಕೆ ಬಂತು.

"ಸರ್ ಎದುರಿಗೆ ಕೂತ್ರೆ ಎಲ್ಲಾ ಉಲ್ಟಾ ಕಾಣ್ಸತ್ತೆ ಅಪ್ಪ, ತಲೆ ಕೆಡತ್ತೆ. ನೀನು ಕೂತ್ರೆ ನನ್ನ ಕೈನೇ ನೋಡಿದ ಹಾಗಿರತ್ತೆ. ಅಟ್ಟಕ್ಕೆ ಹಾಕ್ಬೇಡ."

ಮಗಳಿಂದ ಇದನ್ನು ಕೇಳಿದ ಸರ್, ಈಗ ಹೊಸದಾಗಿ ಸೇರಿದ ಮಕ್ಕಳನ್ನು ಮೊದಲ ವಾರ ಮೇಷ್ಟ್ರ ಎದುರು ಕೂರಿಸುತ್ತಾರೆ. ಮೇಷ್ಟ್ರೂ ಗುರುವಾರಗಳಂದು ವಿದ್ಯಾರ್ಥಿಯಾಗಿ ಹೋಗಿ, ಸರಿಯಾದ ಕೈಯಲ್ಲಿ ಕೆಟ್ಟದಾಗಿ ನುಡಿಸಿ, ಬೈಸಿಕೊಂಡು, ಖುಷಿಯಾಗಿ ಮರಳುತ್ತಾರೆ.

ತಮ್ಮಷ್ಟಕ್ಕೆ ತಾವೇ ಕಲಿಯುವವರು ದಾರಿ ತಪ್ಪುತ್ತಾರೆ, ಅದೂ ಹುರುಪಿನಿಂದ, ವರ್ಷಗಟ್ಟಲೆ. ತಪ್ಪಿದ ಆ ದಾರಿಯ ಒಂದೊಂದು ಕಲ್ಲೂ ಅವರ ಕಾಲಿಗೆ ಪರಿಚಿತ. ಮುಂದೊಮ್ಮೆ ಅಲ್ಲಿ ಯಾರಾದರೂ ಅಳುತ್ತ ನಿಂತಿದ್ದರೆ, ಕೈಹಿಡಿದು ಕರೆತರಲು ಅವರಷ್ಟು ಬಲ್ಲವರು ಬೇರಿಲ್ಲ.